ಗುಬ್ಬಿ ಕಂಪನಿಯ ಗಲ್ಲಾಪೆಟ್ಟಿಗೆ

ಗುಬ್ಬಿ ಕಂಪನಿ ಅಂದ ಕೂಡಲೇ ಎಲ್ಲರೂ ನೇರವಾಗಿ ಆನೆಗೇ ಹೋಗುತ್ತಾರೆ, ಗಮನಿಸಿದ್ದೀರಾ? ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ನಿಜವಾದ ಕುದುರೆ ರಂಗದ ಮೇಲೆ ಬರುತ್ತಿದ್ದವಂತೆ ಅನ್ನೋದು, ಕಣ್ಣರಳಿಸೋದು, ಅಲ್ಲಿಗೆ ಮಾತು ಮುಗೀತು. ನಾನೂ ಆನೆಯಿಂದಲೇ ಶುರು ಮಾಡ್ತೀನಿ, ಬಿಡಿ. ಆದರೆ ಆನೆಯ ಜೊತೆಗೆ ಇಸವಿಯನ್ನೂ ಒಂದಿಷ್ಟು ನೋಡಬೇಕು. ಅದು 1934. ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ ‘ಸತಿ ಸುಲೋಚನ’ ಬಿಡುಗಡೆಯಾಗಿತ್ತು. ಕನ್ನಡದ ಮೊದಲ ಮಾತಿನ ಚಿತ್ರ. ಅದರಲ್ಲಿ ಪಾರ್ಟು ಮಾಡಿದವರೇನು ಹೊರಗಿನವರೇ? ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ಇಬ್ಬರೂ ನಾಟಕ ಕಂಪನಿ ಕಟ್ಟಿದ್ದವರೇ. ಬೆಳ್ಳಿಪರದೆಯ ಮೇಲೆ ರಾವಣ ಕನ್ನಡದಲ್ಲಿ ಮಾತಾಡತೊಡಗಿದ ಮೇಲೆ, ಬಣ್ಣದ ಪರದೆ ಕಟ್ಟಿಕೊಂಡು ಊರೂರು ಅಲೆಯುವವರಿಗೆ ಎದೆ ಧಸಕ್ಕನ್ನದೆ ಇರುತ್ತಾ?

ಅಂಥ ವರ್ಷದಲ್ಲಿ ಕಂಪನಿಯ ಯಜಮಾನ ಗುಬ್ಬಿ ವೀರಣ್ಣನವರು ರಂಗದ ಮೇಲೆ ಆನೆ ನಿಲ್ಲಿಸಿದರು. ನಾಟಕ ಬರೆದವರು ಬಿ. ಪುಟ್ಟಸ್ವಾಮಯ್ಯನವರು, ಮುಂದೆ ‘ಕ್ರಾಂತಿ ಕಲ್ಯಾಣ’ ಬರೆದರಲ್ಲ, ಅವರೇ. ನನಗಂತೂ ಇದು ಬರೀ ಆಡಂಬರ ಅಂತ ಯಾವತ್ತೂ ಅನ್ನಿಸಿಲ್ಲ. ಸಿನಿಮಾದಲ್ಲಿ ಆನೆ ಬಂದರೆ ಅದು ನೆರಳು. ಇಲ್ಲಿ ಹತ್ತು ಮೊಳ ದೂರದಲ್ಲಿ ಕಿವಿ ಬೀಸುತ್ತೆ, ಉಸಿರು ಬಿಡುತ್ತೆ, ಮುಂದಿನ ಸಾಲಿನವರಿಗೆ ಅದರ ವಾಸನೆಯೂ ಬಡಿಯುತ್ತೆ. ಸಿನಿಮಾ ಏನು ಕೊಡಲಾರದೋ ಅದನ್ನು ಹುಡುಕಿ ಕೊಡೋದು ದೊಡ್ಡ ವ್ಯಾಪಾರಿಯ ಬುದ್ಧಿ, ಅಲ್ವಾ? ಆನೆ ತರಿಸಬೇಕು, ಮೇವು ಹೊಂದಿಸಬೇಕು, ಮಾವುತನ ಊಟ ನೋಡಬೇಕು, ರಂಗದ ಹಲಗೆ ಆ ಭಾರ ತಡೆಯಬೇಕು, ಕೃಷ್ಣನ ಹಾಡಿಗೆ ಒನ್ಸ್ ಮೋರ್ ಬಿದ್ದರೆ ಅಷ್ಟು ಹೊತ್ತೂ ಆನೆ ಸುಮ್ಮನೆ ನಿಂತಿರಬೇಕು. ಇಷ್ಟೆಲ್ಲ ಖರ್ಚು, ಇಷ್ಟೆಲ್ಲ ಆತಂಕ ಮೈಮೇಲೆ ಹಾಕಿಕೊಂಡಿದ್ದಾರೆ ಅಂದರೆ ಗಲ್ಲಾಪೆಟ್ಟಿಗೆ ಲೆಕ್ಕ ಮೊದಲೇ ಕೂಡಿಸಿ ನೋಡಿದ್ದಾರೆ ಅಂತಲೇ ಅರ್ಥ. ನಾವು ವೀರಣ್ಣನವರನ್ನು ಮಹಾ ಕಲಾವಿದ ಅಂತ ಕೊಂಡಾಡಿದೆವು, ಸರಿ. ಮಹಾ ಯಜಮಾನ ಅನ್ನೋದನ್ನು ಅಷ್ಟು ಜೋರಾಗಿ ಹೇಳಲೇ ಇಲ್ಲ ಅಂತ ನನಗೊಂದು ಕೊರಗು ಇದೆ.

ಕಂಪನಿ ಹುಟ್ಟಿದ್ದು 1884ರಲ್ಲಿ. ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಅಂದರೆ ಕಂಪನಿಗೇ ಏಳು ವರ್ಷ ಹಿರಿತನ! ಗುಬ್ಬಿ ಊರಿನ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮುಂತಾದ ಹವ್ಯಾಸದ ಗೆಳೆಯರು ಸೇರಿ ಕಟ್ಟಿದ ಮೇಳ ಅದು. ಹೆಸರು ಇಟ್ಟದ್ದು ಊರ ದೇವರು ಚನ್ನಬಸವೇಶ್ವರನದು. ಸಾಹೇಬರ ಪಾಲುದಾರಿಕೆ, ಚನ್ನಬಸವೇಶ್ವರನ ಕೃಪೆ, ಆಡೋದು ರಾಮಾಯಣ ಮಹಾಭಾರತ. ಆ ಕಾಲದಲ್ಲಿ ಇದನ್ನು ಯಾರೂ ವಿಶೇಷ ಅಂತ ಎತ್ತಿ ಆಡುತ್ತಲೂ ಇರಲಿಲ್ಲ, ನೋಡಿ.

ಗುಬ್ಬಿ ಎಂಥ ಊರು ಅಂತ ನಿಮಗೆ ಹೇಳಬೇಕಾ? ನಿಮ್ಮ ಮಾವನವರು ತಿಪಟೂರಿನವರು ತಾನೇ, ಆ ರೈಲಿನಲ್ಲಿ ಎಷ್ಟು ಸಲ ಹಾದುಹೋಗಿದ್ದೀರೋ. ಅಡಕೆ, ತೆಂಗು, ಸಂತೆ. ಕೈಯಲ್ಲಿ ಒಂದಿಷ್ಟು ಕಾಸು ಆಡುವ ಸೀಮೆ. ಇನ್ನೊಂದು ಸಂಗತಿ ನನಗೆ ಬಲು ಇಷ್ಟ: ಬೆಂಗಳೂರಿನಿಂದ ತುಮಕೂರಿಗೆ ಮೀಟರ್‌ಗೇಜ್ ರೈಲು ಬಂದದ್ದೂ ಅದೇ 1884ರಲ್ಲೇ. ಒಂದಕ್ಕೊಂದು ಸಂಬಂಧ ಕಟ್ಟೋಕೆ ನಾನು ಹೋಗಲ್ಲ. ಆದರೆ ಪರದೆ, ಪೆಟ್ಟಿಗೆ, ಕಿರೀಟ, ಗದೆ, ಅಡುಗೆ ಪಾತ್ರೆ, ಮಕ್ಕಳುಮರಿ ಎಲ್ಲ ಕಟ್ಟಿಕೊಂಡು ಊರಿಂದೂರಿಗೆ ಹೋಗುವ ಕಂಪನಿಗೆ ಎತ್ತಿನ ಗಾಡಿಯೊಂದನ್ನೇ ನಂಬಿಕೊಂಡಿರೋದಕ್ಕೂ ಗೂಡ್ಸ್ ವ್ಯಾಗನ್ ಸಿಗೋದಕ್ಕೂ ಎಷ್ಟು ವ್ಯತ್ಯಾಸ! ಕನ್ನಡದ ಸೀಮೆ ದಾಟಿ ಆಂಧ್ರ, ತಮಿಳುನಾಡುಗಳಲ್ಲೂ ಡೇರೆ ಹಾಕಿ, ತೆಲುಗು ತಮಿಳಿನಲ್ಲೂ ಆಡಿ ಬಂದ ಕಂಪನಿ ಇದು.

ಅದಿರಲಿ, ನಾನು ಹೇಳಹೊರಟದ್ದು ಬೇರೆ. ಆ ಕಾಲದಲ್ಲಿ ನಾಟಕ ಕಂಪನಿಗಳು ಹುಟ್ಟಿದ್ದಕ್ಕೂ ಲೆಕ್ಕವಿಲ್ಲ, ಮುಚ್ಚಿದ್ದಕ್ಕೂ ಲೆಕ್ಕವಿಲ್ಲ. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ’ ಅನ್ನೋ ಗಾದೆ ನಿಜವಾಗುತ್ತಿದ್ದ ಜಾಗವೇ ಅದು. ರಾತ್ರಿ ಜರತಾರಿ ಪೇಟ, ಬೆಳಿಗ್ಗೆ ದಿನಸಿ ಅಂಗಡಿಯವನ ಕಾಟ. ಮೈಸೂರಿನ ವರದಾಚಾರ್ಯರ ಗಾಯನಕ್ಕೆ, ಅಭಿನಯಕ್ಕೆ ಸಾಟಿ ಇತ್ತಾ ಹೇಳಿ! ಆದರೂ 1926ರಲ್ಲಿ ಅವರು ತೀರಿಕೊಂಡ ಮೇಲೆ ಅವರ ರತ್ನಾವಳಿ ಕಂಪನಿಗೆ ಆ ವೈಭವ ಮರಳಿ ಬರಲಿಲ್ಲ. ಯಜಮಾನನ ಕಂಠದ ಮೇಲೆ ನಿಂತ ಕಂಪನಿ ಆ ಕಂಠದ ಜೊತೆಗೇ ಹೋಗುತ್ತಿತ್ತು. ಗುಬ್ಬಿಯದು ಹಾಗಾಗಲಿಲ್ಲ. ಯಾಕೆ ಅನ್ನೋದೇ ನನ್ನ ತಲೆಯಲ್ಲಿ ಯಾವಾಗಲೂ ಕೊರೆಯೋ ಪ್ರಶ್ನೆ.

ವೀರಣ್ಣನವರು ಐದಾರು ವರ್ಷದ ಹುಡುಗನಾಗಿದ್ದಾಗಲೇ ಕಂಪನಿ ಸೇರಿದವರು. ಬಾಲನಟ, ಆಮೇಲೆ ಸ್ತ್ರೀಪಾತ್ರ, ಆಮೇಲೆ ಹಾಸ್ಯ. 1917ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ಕಂಪನಿಯೇ ಅವರ ಕೈಗೆ ಬಂತು. ಇಲ್ಲೊಂದು ಸ್ವಾರಸ್ಯ ಇದೆ, ಗಮನಿಸಿ. ಬೇರೆ ಕಂಪನಿಗಳಲ್ಲಿ ಯಜಮಾನ ಅಂದರೆ ರಾಜಪಾರ್ಟು. ಸಿಂಹಾಸನದ ಮೇಲೆ ಅವನೇ ಕೂರಬೇಕು. ಇವರೋ ‘ಸದಾರಮೆ’ಯಲ್ಲಿ ಕಳ್ಳ! ಸಂಬಳ ಕೊಡುವ ಧಣಿ ಕಳ್ಳನ ವೇಷದಲ್ಲಿ ಬಂದು ಜನರನ್ನು ನಗಿಸೋದು, ಅವರಿಂದ ಸಂಬಳ ತಗೊಳ್ಳುವವನು ರಾಜನಾಗಿ ಗತ್ತಿನಿಂದ ಕೂರೋದು. ಹಾಸ್ಯದವನಿಗೆ ಒಂದು ಅನುಕೂಲ ಇದೆ. ರಾಜಪಾರ್ಟಿನವನು ತನ್ನ ಹಾಡು ತಾನು ಹಾಡಿ ಒಳಗೆ ಹೋಗಬಹುದು, ಹಾಸ್ಯದವನು ಪ್ರತಿ ಮಾತಿಗೂ ಪ್ರೇಕ್ಷಕರ ಉತ್ತರ ಕೇಳಿಸಿಕೊಳ್ಳಲೇಬೇಕು. ನೆಲದ ಮೇಲೆ ಕೂತವನು ಎಲ್ಲಿ ನಕ್ಕ, ಕುರ್ಚಿಯವನು ಎಲ್ಲಿ ಆಕಳಿಸಿದ, ಹೆಂಗಸರ ಕಡೆ ಎಲ್ಲಿ ಗುಸುಗುಸು ಎದ್ದಿತು, ಎಲ್ಲವೂ ಅವನ ಕಿವಿಗೆ ಬೀಳುತ್ತೆ. ರಾತ್ರಿ ಇದನ್ನೆಲ್ಲ ಕೇಳಿಸಿಕೊಂಡ ಮನುಷ್ಯ ಬೆಳಿಗ್ಗೆ ಲೆಕ್ಕದ ಪುಸ್ತಕ ತೆಗೆದರೆ, ಯಾವ ನಾಟಕ ಇನ್ನೆಷ್ಟು ದಿನ ಓಡುತ್ತೆ ಅನ್ನೋದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ತಿಳಿದೀತು? ಮೈಸೂರು ಮಹಾರಾಜರು ‘ನಾಟಕರತ್ನ’ ಅಂತ ಬಿರುದು ಕೊಟ್ಟರು. ಅದರ ಜೊತೆಗೇ ‘ವರ್ಸಟೈಲ್ ಕಮೆಡಿಯನ್’ ಅನ್ನೋ ಬಿರುದೂ ಅವರ ಹೆಸರಿಗೆ ಅಂಟಿಕೊಂಡೇ ಇತ್ತು.

ನನ್ನ ಅಜ್ಜಿ ಈ ನಾಟಕಗಳನ್ನು ನೋಡಿದವಳು. ಗಾಡಿ ಕಟ್ಟಿಸಿಕೊಂಡು, ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಹುಲ್ಲಿನ ಮೇಲೆ ಮಲಗಿಸಿಕೊಂಡು ಹೋಗುತ್ತಿದ್ದರಂತೆ. ಅವಳು ಹೇಳುತ್ತಿದ್ದ ಕಥೆಯಲ್ಲಿ ಕೃಷ್ಣಾರ್ಜುನರು ಬರುತ್ತಿದ್ದದ್ದು ಕಡಿಮೆ. ಕಾಲುಪೆಟ್ಟಿಗೆಯ ಶ್ರುತಿ ದೂರದಿಂದ ಕೇಳಿಸುತ್ತಲೇ ಗಾಡಿಯಲ್ಲಿದ್ದ ಹೆಂಗಸರೆಲ್ಲ ಸೆರಗು ಸರಿಮಾಡಿಕೊಳ್ಳುತ್ತಿದ್ದದ್ದು, ಪರದೆ ಏಳುವ ಮುಂಚೆ ಒಳಗಿಂದ ಸಾಂಬ್ರಾಣಿ ಹೊಗೆಯ ವಾಸನೆ ಬರುತ್ತಿದ್ದದ್ದು, ಕಂಪನಿಯ ನಟಿ ಬಿ. ಜಯಮ್ಮನವರು ಉಟ್ಟಿದ್ದ ಸೀರೆಯ ಅಂಚು, ಇಂಥವೇ. ಸೀರೆಯ ಅಂಚನ್ನಂತೂ ಬೆರಳಲ್ಲಿ ಅಳತೆ ಮಾಡಿ ತೋರಿಸುತ್ತಿದ್ದಳು. ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ಅದೇ ಗಾಡಿಯಲ್ಲಿ ವಾಪಸು, ಬಂದವಳೇ ಕೊಟ್ಟಿಗೆಗೆ.

ಈ ಗಾಡಿ ಕಟ್ಟಿಸಿಕೊಂಡು ಬರುವ ಸಂಸಾರಗಳೇ ಕಂಪನಿಗಳ ಬೆನ್ನೆಲುಬು. ಮನೆಯ ಹಿರಿಯರು ‘ಹೆಂಗಸರು ಮಕ್ಕಳನ್ನು ಕರಕೊಂಡು ಹೋಗಬಹುದು’ ಅಂದರೆ ಒಂದು ಟಿಕೆಟ್ಟಿನ ಜಾಗದಲ್ಲಿ ಎಂಟು. ಹೆಂಗಸರಿಗೆ ಬೇರೆ ಜಾಗ ಮಾಡಿಡುತ್ತಿದ್ದದ್ದೂ ಅದಕ್ಕೇ. ಎಲ್ಲಿ, ಯಾವಾಗ ಕ್ಯಾಂಪ್ ಹಾಕಬೇಕು ಅನ್ನೋದೂ ಒಂದು ವಿದ್ಯೆ. ಸುಗ್ಗಿ ಮುಗಿದು ಕೈಗೆ ದುಡ್ಡು ಬಂದಿರಬೇಕು, ಜಾತ್ರೆ ಇದ್ದರಂತೂ ಹಬ್ಬ. ಮಳೆಗಾಲ ಮಾತ್ರ ಯಾವ ಕಂಪನಿಗೂ ಶತ್ರು. ತಗಡಿನ ಮೇಲೆ ಮಳೆ ಬಿದ್ದರೆ ಮಾತು ಕೇಳಿಸಲ್ಲ, ಮಾತು ಕೇಳಿಸದಿದ್ದರೆ ಜನ ಬರಲ್ಲ, ಜನ ಬರದಿದ್ದರೂ ಒಲೆ ಉರಿಯಲೇಬೇಕು.

ಆಮೇಲೆ ಆ ಹ್ಯಾಂಡ್‌ಬಿಲ್ಲುಗಳು! ನನಗೆ ಚಿಕ್ಕಂದಿನಿಂದ ಅವುಗಳ ಹುಚ್ಚು. ಜಟಕಾಗಾಡಿಗೆ ಎರಡೂ ಕಡೆ ಬಣ್ಣದ ಬೋರ್ಡು ಕಟ್ಟಿ, ತಮಟೆ ಬಾರಿಸುತ್ತಾ, ಹಳದಿ, ಗುಲಾಬಿ ಬಣ್ಣದ ತೆಳ್ಳನೆ ಕಾಗದ ಎಸೆಯುತ್ತಾ ಹೋಗುತ್ತಿದ್ದರು. ನಮ್ಮೂರಿಗೆ ಬಂದ ಒಂದು ಕಂಪನಿಯ ಚೀಟಿಯಲ್ಲಿ ‘ಖಂಡಿತವಾಗಿಯೂ ಕೊನೆಯ ಮೂರೇ ದಿನಗಳು’ ಅಂತ ದಪ್ಪಕ್ಷರದಲ್ಲಿ ಇತ್ತು. ಮುಂದಿನ ವಾರದ ಚೀಟಿಯಲ್ಲಿ ‘ಮಹಾಜನರ ಒತ್ತಾಯದ ಮೇರೆಗೆ ಇನ್ನು ಮೂರು ದಿನಗಳು’. ಅದರ ಮುಂದಿನ ವಾರ ‘ಶಾಲಾ ಕಟ್ಟಡದ ಸಹಾಯಾರ್ಥ’. ಈ ಸಹಾಯಾರ್ಥ ಪ್ರದರ್ಶನದ ಜಾಣ್ಮೆ ನೋಡಿ. ಊರಿನ ಶಾನುಭೋಗರು, ಡಾಕ್ಟರು, ಹೆಡ್‌ಮಾಸ್ಟರು ಎಲ್ಲ ತಾವೇ ಟಿಕೆಟ್ ಹಿಡಿದು ಮನೆಮನೆಗೆ ಹೋಗುತ್ತಾರೆ. ಇಲ್ಲ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ಶಾಲೆಗೂ ಒಂದು ಕೊಠಡಿ, ಕಂಪನಿಗೂ ಒಂದು ತುಂಬಿದ ಮನೆ. ಇದರಲ್ಲಿ ಯಾರಿಗೂ ನಷ್ಟವಿಲ್ಲ, ಅಲ್ವಾ?

ಹೆಂಗಸರ ಮಾತು ಬಂತಲ್ಲ, ಅದನ್ನು ಮುಗಿಸಿಬಿಡ್ತೀನಿ. ಗಂಡಸರೇ ಸೀರೆ ಉಟ್ಟು ದ್ರೌಪದಿಯಾಗುತ್ತಿದ್ದ ಕಾಲದಲ್ಲಿ ವೀರಣ್ಣನವರು ನಟಿಯರನ್ನು ಕಂಪನಿಗೆ ಕರೆತಂದರು. ಸುಂದರಮ್ಮ, ಜಯಮ್ಮ ಇಬ್ಬರೂ ಕಂಪನಿಯ ನಟಿಯರು, ಇಬ್ಬರೂ ವೀರಣ್ಣನವರ ಕೈಹಿಡಿದವರು. ಇವತ್ತಿನ ಕಣ್ಣಿನಲ್ಲಿ ನೋಡಿದರೆ ಕೇಳಬೇಕಾದ ಪ್ರಶ್ನೆಗಳು ಇವೆ, ಇಲ್ಲ ಅನ್ನಲ್ಲ. ಆದರೆ ಜಯಮ್ಮನವರನ್ನು ‘ವೀರಣ್ಣನವರ ಹೆಂಡತಿ’ ಅಂತಷ್ಟೇ ಹೇಳಿ ಮುಂದೆ ಹೋದರೆ ನನಗೆ ಸಮಾಧಾನವಾಗಲ್ಲ. ಆಕೆ ಹಾಡಿದರೆ ಜನ ಕದಲುತ್ತಿರಲಿಲ್ಲ. ತೆಲುಗಿನ ‘ಸ್ವರ್ಗಸೀಮ’ದಂಥ ಹೆಸರಾಂತ ಚಿತ್ರದಲ್ಲಿ ಪಾರ್ಟು ಮಾಡಿ ಬಂದವರು. ಕಂಪನಿಯ ಗಲ್ಲಾ ತುಂಬಿಸಿದ್ದರಲ್ಲಿ ಆಕೆಯ ಕಂಠದ ಪಾಲು ಎಷ್ಟಿತ್ತೋ!

ಕಂಪನಿಗಳಲ್ಲಿ ಸಂಸಾರ ಬೇರೆ, ಕೆಲಸ ಬೇರೆ ಅಂತ ಇರಲೇ ಇಲ್ಲ. ಎಲ್ಲರಿಗೂ ಒಂದೇ ಅಡುಗೆಮನೆ. ನಟರು, ಅವರ ಹೆಂಡಿರು ಮಕ್ಕಳು, ಪರದೆ ಎಳೆಯುವವರು, ಸೀನರಿ ಬರೆಯುವವರು, ತಬಲಾದವರು, ಹಾರ್ಮೋನಿಯಂ ಮೇಷ್ಟ್ರು, ಗೇಟಿನಲ್ಲಿ ನಿಲ್ಲುವವರು, ಎಲ್ಲರೂ ಪಂಕ್ತಿಯಲ್ಲಿ. ಸಂಬಳ ತಡವಾದರೆ ನಟ ಮುನಿಸಿಕೊಂಡಾನು, ಊಟ ತಡವಾದರೆ ಎದ್ದೇ ಹೋದಾನು. ಆದ್ದರಿಂದ ನನ್ನ ಕೇಳಿದರೆ ಈ ಉದ್ಯಮದ ನಿಜವಾದ ಬಂಡವಾಳ ಪರದೆಯೂ ಅಲ್ಲ, ಆನೆಯೂ ಅಲ್ಲ, ಅಡುಗೆಮನೆ. ಬಂದ ಹುಡುಗನಿಗೆ ಮೊದಲು ಅನ್ನ, ಆಮೇಲೆ ಪಾಠ. ಅವನು ಯಾವ ಪಾರ್ಟಿಗೆ ಆಗುತ್ತಾನೆ ಅನ್ನೋದು ಹತ್ತು ವರ್ಷದ ಮೇಲೆ ಗೊತ್ತಾದರೂ ಆದೀತು.

ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಬಂದದ್ದು ಹಾಗೇ ಅಲ್ವಾ? ತಂದೆ ಕಂಪನಿಯಲ್ಲಿ ನಟ, ಮಗ ಶಾಲೆ ಬಿಟ್ಟು ಅಪ್ಪನ ಹಿಂದೆ. ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಎಲ್ಲರೂ ಗುಬ್ಬಿ ಕಂಪನಿಯ ಅನ್ನ ಉಂಡವರೇ. ದಕ್ಷಿಣ ಕನ್ನಡದ ಮಂಚಿಯಿಂದ ಮನೆಬಿಟ್ಟು ಬಂದ ಬಾಬುಕೋಡಿ ವೆಂಕಟರಮಣ, ಅಂದರೆ ನಮ್ಮ ಬಿ.ವಿ. ಕಾರಂತರ ಕಥೆ ನನಗೆ ಎಷ್ಟು ಸಲ ಹೇಳಿದರೂ ಬೇಸರವಿಲ್ಲ. ಓದಿನಲ್ಲಿ ಆಸೆ ಇರುವ ಹುಡುಗ ಅಂತ ಕಂಡು ವೀರಣ್ಣನವರು ಅವರನ್ನು ಕಾಶಿಗೆ ಕಳಿಸಿದರು, ಎಂ.ಎ. ಓದಲು! ಹೇಳಿ, ಯಾವ ಮಾಲೀಕ ತನ್ನ ಕೈಕೆಳಗೆ ಪಳಗಿದ ಹುಡುಗನನ್ನು ತಾನೇ ಬೇರೆ ದಾರಿಗೆ ಹಚ್ಚುತ್ತಾನೆ? ಆ ಹುಡುಗ ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾದ, ಮೈಸೂರಿನಲ್ಲಿ ರಂಗಾಯಣ ಕಟ್ಟಿದ. ಲೆಕ್ಕದ ಪುಸ್ತಕದಲ್ಲಿ ಅದು ಖರ್ಚಿನ ಕಡೆಗೇ ಬಿದ್ದಿರುತ್ತೆ. ಕನ್ನಡಕ್ಕೆ ಆದದ್ದು ಎಂಥ ಜಮಾ!

ಸಿನಿಮಾದ ಮಾತಿಗೆ ಮತ್ತೆ ಬರ್ತೀನಿ. ಆನೆ ತಂದು ಸಿನಿಮಾವನ್ನು ಎದುರಿಸಿದರು ಅಂದೆನಲ್ಲ, ಅವರು ಅದಕ್ಕೂ ಮುಂಚೆಯೇ ಸಿನಿಮಾ ತೆಗೆದು ನೋಡಿದ್ದವರು! ಮಾತು ಬಾರದ ಕಾಲದಲ್ಲೇ ‘ಹಿಸ್ ಲವ್ ಅಫೇರ್’, ‘ಹರಿಮಾಯ’ ಅಂತ ಚಿತ್ರ ಮಾಡಿದರು. ಮೊದಲನೆಯದಕ್ಕೆ ಬೆಲ್ಜಿಯಂ ದೇಶದ ರಫಾಯೆಲ್ ಆಲ್ಗೋಯೆಟ್ ನಿರ್ದೇಶಕ. ಗುಬ್ಬಿಯ ಹಾಸ್ಯಗಾರರನ್ನು ಬೆಲ್ಜಿಯಂನವನು ನಿಲ್ಲಿಸಿ ಕ್ಯಾಮೆರಾ ತಿರುಗಿಸಿದ್ದು, ಆಹಾ, ಆ ಭಾಷೆಯ ಸರ್ಕಸ್ಸು ಒಂದು ಸಲ ನೋಡಬೇಕಿತ್ತು. ‘ಹರಿಮಾಯ’ದ ನಿರ್ದೇಶಕರು ವೈ.ವಿ. ರಾವ್. ಅವರೇ ಎರಡು ವರ್ಷ ಬಿಟ್ಟು ‘ಸತಿ ಸುಲೋಚನ’ ನಿರ್ದೇಶಿಸಿದ್ದು. ‘ಜೂಲಿ’ ಲಕ್ಷ್ಮಿ ಇದ್ದಾರಲ್ಲ, ಅವರ ತಂದೆ. ಒಂದೇ ಓಣಿಯವರಂತೆ ಎಲ್ಲರೂ ಎಲ್ಲರಿಗೂ ಬೇಕಾದವರೇ.

ಆ ಮೂಕಿ ಚಿತ್ರಗಳ ಉದ್ಯಮ ಬೆಳೆಯಲಿಲ್ಲ. 1931ರಲ್ಲಿ ಬೊಂಬಾಯಿಯಲ್ಲಿ ‘ಆಲಂ ಆರಾ’ ಮಾತಾಡಿದ ಮೇಲೆ ಮೂಕಿಗೆ ಯಾರು ಕಾಸು ಕೊಡುತ್ತಾರೆ? ಬೇರೆಯವರಾದರೆ ‘ಈ ಸಹವಾಸವೇ ಬೇಡಪ್ಪ’ ಅಂತ ಕೈತೊಳೆದುಕೊಳ್ಳುತ್ತಿದ್ದರು. ಇವರು 1935ರಲ್ಲಿ ‘ಸದಾರಮೆ’ಯನ್ನೇ ಮಾತಿನ ಚಿತ್ರವಾಗಿ ತಂದರು. ಊರೂರಲ್ಲಿ ಜನ ಮೆಚ್ಚಿದ ಕಥೆ, ಜನ ಮೆಚ್ಚಿದ ಪಾತ್ರ. ಆಮೇಲೆ ‘ಸುಭದ್ರಾ’, ‘ಜೀವನ ನಾಟಕ’, ‘ಹೇಮರೆಡ್ಡಿ ಮಲ್ಲಮ್ಮ’. ಯುದ್ಧದ ಕಾಲ, ಎಲ್ಲದಕ್ಕೂ ಅಭಾವ, ಆಗಲೂ ಬಿಡಲಿಲ್ಲ. ಡೇರೆಯಲ್ಲಿ ಜನರ ಮುಂದೆ ಇಟ್ಟು ನೋಡಿದ್ದನ್ನು ಪರದೆಗೆ ಏರಿಸೋದು ಅವರ ಕ್ರಮ.

ಅದು ಪೂರ್ತಿ ಫಲ ಕೊಟ್ಟದ್ದು 1954ರಲ್ಲಿ. ಮದರಾಸಿನ ಎ.ವಿ.ಎಂ. ಜೊತೆ ಸೇರಿ ‘ಬೇಡರ ಕಣ್ಣಪ್ಪ’. ನಿರ್ದೇಶಕರು ಎಚ್.ಎಲ್.ಎನ್. ಸಿಂಹ. ಮುತ್ತುರಾಜ ರಾಜಕುಮಾರನಾದದ್ದು ಅಲ್ಲೇ. ಈ ಚಿತ್ರದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನೇನು ಹೊಸದಾಗಿ ಹೇಳಲಿ. ಒಂದು ಮಾತ್ರ: ಸ್ಟುಡಿಯೋ ಮದರಾಸಿನದು, ಆದರೆ ಆ ಕಣ್ಣಪ್ಪನ ಮಾತು, ನಿಲುವು, ಉಸಿರು ಎಲ್ಲ ನಾಟಕ ಕಂಪನಿಯ ಡೇರೆಯಲ್ಲಿ ತಯಾರಾದದ್ದು. ಎ.ವಿ.ಎಂ.ನವರು ಎಷ್ಟು ಲಕ್ಷ ಸುರಿದರೂ ಅದನ್ನು ಬಾಡಿಗೆಗೆ ತರೋಕಾಗುತ್ತಿರಲಿಲ್ಲ.

ಅದೇ ದಶಕದ ಕೊನೆಯಲ್ಲಿ ಕನ್ನಡ ಚಿತ್ರಗಳಲ್ಲಿ ಕೆಲಸವೇ ಇಲ್ಲದ ಹೊತ್ತು ಬಂತಲ್ಲ, ಆಗ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಅಯ್ಯರ್ ನಾಲ್ವರೂ ಏನು ಮಾಡಿದರು ಗೊತ್ತಾ? ಚಲನಚಿತ್ರ ಕಲಾವಿದರ ಸಂಘ ಅಂತ ಮಾಡಿಕೊಂಡು, ಮತ್ತೆ ಬಣ್ಣದ ಪೆಟ್ಟಿಗೆ ಕಟ್ಟಿಕೊಂಡು ಊರೂರಲ್ಲಿ ನಾಟಕ ಆಡಿದರು. 1960ರಲ್ಲಿ ತಾವೇ ‘ರಣಧೀರ ಕಂಠೀರವ’ ತೆಗೆದರು. ಈ ಧೈರ್ಯ ಎಲ್ಲಿಂದ ಬಂತು ಅಂತೀರಿ? ಸಿನಿಮಾ ಕೈಬಿಟ್ಟರೆ ನಾಟಕ, ನಾಟಕ ಕೈಬಿಟ್ಟರೆ ಇನ್ನೊಂದು ಊರು. ಗುಬ್ಬಿ ಕಂಪನಿಯಲ್ಲಿ ಊಟದ ಜೊತೆ ಬಡಿಸಿದ್ದ ಪಾಠ ಅದು. 1975ರಲ್ಲಿ ರಾಜಕುಮಾರ್ ಅವರ ಪತ್ನಿ ಪಾರ್ವತಮ್ಮನವರು ‘ತ್ರಿಮೂರ್ತಿ’ಯಿಂದ ನಿರ್ಮಾಣಕ್ಕೆ ಇಳಿದು, ವಜ್ರೇಶ್ವರಿ ಅನ್ನೋ ಹೆಸರನ್ನು ಮನೆಮಾತು ಮಾಡಿದರಲ್ಲ, ಅಲ್ಲೂ ಮನೆಯವರೆಲ್ಲ ಸೇರಿ ನಡೆಸಿದ ಉದ್ಯಮ, ಅಲ್ಲೂ ಬಂದವರಿಗೆಲ್ಲ ಊಟ. ಮಾವನವರ ಕಾಲದ ಕಂಪನಿಯ ಪದ್ಧತಿ ಸೊಸೆಯ ಕೈಯಲ್ಲಿ ಹೊಸದಾಯಿತು ಅಂತ ನಾನಂತೂ ನಂಬಿದ್ದೀನಿ.

ವೀರಣ್ಣನವರು 1972ರ ಅಕ್ಟೋಬರ್‌ನಲ್ಲಿ ಹೋದರು, ಪದ್ಮಶ್ರೀ ಬಂದ ವರ್ಷವೇ. ಐವತ್ತೈದು ವರ್ಷ ಒಂದೇ ಕೈಯಲ್ಲಿ ನಡೆದ ಕಂಪನಿ. ‘ಕಲೆಯೇ ಕಾಯಕ’ ಅಂತ ತಮ್ಮ ಕಥೆಗೆ ಹೆಸರಿಟ್ಟವರು, ಕೊನೆಯವರೆಗೂ ಕಾಯಕವನ್ನೇ ಮಾಡಿದರು. ಮಗಳು ಮಾಲತಮ್ಮನವರ ಮಗಳು ಬಿ. ಜಯಶ್ರೀ ಅವರನ್ನು ನೀವು ರಂಗದ ಮೇಲೆ ನೋಡಿದ್ದೀರಲ್ಲ, ‘ಕರಿಮಾಯಿ’ಯಲ್ಲಿ, ‘ಲಕ್ಷಾಪತಿ ರಾಜನ ಕಥೆ’ಯಲ್ಲಿ? ಆ ಕಂಠಕ್ಕೆ ಮೈಕು ಯಾಕೆ ಬೇಕು ಅನ್ನಿಸಲ್ವಾ? 1976ರಲ್ಲಿ ‘ಸ್ಪಂದನ’ ಕಟ್ಟಿ ನಡೆಸಿದವರು, ರಾಜ್ಯಸಭೆಯಲ್ಲೂ ಕೂತು ಬಂದವರು. ಇನ್ನು ತುಮಕೂರಿನಲ್ಲಿ ಗುಬ್ಬಿ ವೀರಣ್ಣ ಕಲಾಕ್ಷೇತ್ರ ಇದೆ, ಸರ್ಕಾರ ವರ್ಷವರ್ಷ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತೆ. ಎಲ್ಲ ಒಳ್ಳೆಯದೇ.

ನನ್ನ ಆಸೆ ಒಂದಿದೆ. ನಾಟಕ ಕಂಪನಿಗಳ ಹಾಡುಗಳನ್ನು ಸಂಗ್ರಹಿಸಿದ್ದೇವೆ, ಫೋಟೋ ಸಂಗ್ರಹಿಸಿದ್ದೇವೆ. ಲೆಕ್ಕದ ಪುಸ್ತಕಗಳನ್ನೂ ಹಾಗೇ ಒಂದು ಕಡೆ ಸೇರಿಸಿ ಅಚ್ಚು ಹಾಕಬೇಕು ರೀ. ಯಾವ ಊರಿನ ಕ್ಯಾಂಪಿಗೆ ಎಷ್ಟು ಮೂಟೆ ಅಕ್ಕಿ ಹಿಡಿಯಿತು, ರೈಲ್ವೆಗೆ ಎಷ್ಟು ಕಟ್ಟಿದರು, ಮಳೆ ಬಂದ ರಾತ್ರಿ ಗಲ್ಲಾದಲ್ಲಿ ಏನಿತ್ತು, ಆನೆಯ ಮೇವಿಗೆ ಎಷ್ಟಾಯಿತು. ನಿಮ್ಮ ತಮ್ಮ ಕಾಲೇಜಿನಲ್ಲಿ ವಾಣಿಜ್ಯ ಪಾಠ ಹೇಳ್ತಾರಲ್ಲ, ಅವರ ಹುಡುಗರಲ್ಲಿ ಒಬ್ಬರಿಗಾದರೂ ಈ ಕೆಲಸ ಹಚ್ಚಲು ಹೇಳಿ. ಭಾನುವಾರ ಅವರು ಬರೋದಾದರೆ ನನ್ನ ಹತ್ತಿರ ಇರೋ ಹ್ಯಾಂಡ್‌ಬಿಲ್ಲುಗಳ ಕಟ್ಟು ತೆಗೆದಿಟ್ಟಿರ್ತೀನಿ.